ಪಿನ್ನು ಹಾಕಿ ಕಳಿಸಿದ ಕವಿತೆ

ಆ ಲಾಂಡ್ರಿಯಲ್ಲಿ ನೆಲದ ಮೇಲೆ ಅಂಗಾತ ಮಲಗದೆ ಓದಲಾಗದ ಒಂದು ಕವಿತೆ ಇತ್ತು. ಇಸ್ತ್ರಿ ಮೇಜಿನ ಹಲಗೆಯ ಅಡಿಭಾಗದಲ್ಲಿ, ಬಟ್ಟೆಗೆ ಗುರುತು ಹಾಕುವ ಕಪ್ಪು ಇಂಕಿನಲ್ಲಿ ಆ ಮನೆಯ ಸೊಸೆ ಅದನ್ನು ಬರೆದಿದ್ದಳು. ನೋವು ಜಾಸ್ತಿಯಾದ ದಿನ ಅವಳಿಗೆ ಹಾಸಿಗೆ ಒಗ್ಗುತ್ತಿರಲಿಲ್ಲ, ಗಟ್ಟಿ ನೆಲವೇ ಬೇಕು. ಅಂಗಡಿಯಲ್ಲಿ ಕಾಲು ಚಾಚುವಷ್ಟು ಖಾಲಿ ನೆಲ ಇದ್ದದ್ದು ಆ ಮೇಜಿನ ಕೆಳಗೆ ಮಾತ್ರ. ಮಲಗಿದಳು, ಕಣ್ಣೆದುರಿಗೆ ಹಲಗೆ ಕಂಡಿತು, ಕೈಗೆ ಕುಂಚ ಸಿಕ್ಕಿತು, ಬರೆದಳು. ಇಂಕು ತೊಟ್ಟಿಕ್ಕಿ ಕೆನ್ನೆಯ ಮೇಲೆ ಎರಡು ಚುಕ್ಕೆ ಬಿತ್ತು. ಎಂಥ ಒಗೆತಕ್ಕೂ ಹೋಗದ ಇಂಕು ಅದು, ಇನ್ನು ಕೆನ್ನೆಯಿಂದ ಹೋದೀತೇ? ವಾರಗಟ್ಟಲೆ ಗಿರಾಕಿಗಳು, "ಇವರನ್ನ ಯಾವ ಮನೆಗೆ ಕಳಿಸ್ಬೇಕು?" ಎಂದು ಚುಡಾಯಿಸಿದರು.

ಅತ್ತೆಗೆ ಈ ಕವಿತೆಯ ವಿಷಯವೇ ಒಂದು ತಲೆನೋವು.

"ಮೇಜಿನ ಮೇಲೆ ಇಷ್ಟಗಲ ಜಾಗ ಬಿದ್ದಿದೆ. ಕೆಳಗೆ ಯಾಕೆ ಬರೀತೀಯೇ?"

"ಮೇಲೆ ನೀವು ಇಸ್ತ್ರಿ ಮಾಡ್ತೀರಲ್ಲ ಅತ್ತೆ, ಸುಟ್ಟುಹೋಗುತ್ತೆ."

ಅತ್ತೆ ಮೂತಿ ತಿರುವಿಕೊಂಡು ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಬೆನ್ನಿನ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದರು.

ಮದುವೆಯಾಗಿ ಬಂದಾಗ ಸೊಸೆ ಜಿಂಕೆಮರಿ. ಒದ್ದೆ ಚಾದರಗಳ ಬುಟ್ಟಿ ಹೊತ್ತುಕೊಂಡು ಒಣಹಾಕಲು ಮಹಡಿಗೆ ಓಡುತ್ತಿದ್ದಳು. ಒಂದು ದಿನ ಬುಟ್ಟಿಯ ಸಮೇತ ಮೆಟ್ಟಿಲಿಂದ ಜಾರಿದಳು. ಮುರಿದ ಮೂಳೆ ಕೂಡಿಕೊಂಡಿತು. ಮೂಳೆಯ ಪಕ್ಕದ ನರ ಮಾತ್ರ ಮುನಿಸಿಕೊಂಡಿತು. ಸೊಂಟದಿಂದ ಹಿಮ್ಮಡಿಯವರೆಗೆ ಹಿಡಿದ ನೋವು ಆಮೇಲೆ ಬಿಡಲೇ ಇಲ್ಲ. ಡಾಕ್ಟರು ಬದಲಾದರು, ಮಾತ್ರೆ ಬದಲಾಯಿತು, ನೋವು ಹಾಗೇ ಉಳಿಯಿತು. ಹೇಗಿದ್ದೀಯಮ್ಮ ಎಂದು ಕೇಳಿದವರಿಗೆ ಅವಳು, "ಬಂದ ನೆಂಟರು ಇನ್ನೂ ಹೊರಟಿಲ್ಲ, ಕಾಫಿ ಕೊಡೋದು ನಿಲ್ಲಿಸಿ ನೋಡ್ತಿದೀನಿ" ಅನ್ನುತ್ತಿದ್ದಳು.

ಶಾಲೆಯ ದಿನಗಳಿಂದಲೂ ಪದ್ಯ ಬರೆಯುವ ಹುಚ್ಚು ಅವಳಿಗೆ. ಬೀಳುವ ಮೊದಲು ಉದ್ದುದ್ದದ ಪದ್ಯಗಳು, ಪ್ರಾಸಕ್ಕೆ ಪ್ರಾಸ. ಬಿದ್ದ ಮೇಲೆ ಕೂತು ಬರೆಯುವುದು ಆಗದ ಮಾತಾಯಿತು. ಕೂತರೆ ಒಂದು ಸಾಲು ಮುಗಿಯುವುದರೊಳಗೆ ನೋವು ಕಾಲಿಗೆ ಇಳಿಯುತ್ತಿತ್ತು, ಎರಡನೆಯ ಸಾಲಿಗೆ ಮೊದಲೇ ಏಳಬೇಕು. ಬೇರೆಯವರಾಗಿದ್ದರೆ ಪೆನ್ನು ಎಸೆದು ಹಣೆಬರಹ ಹಳಿಯುತ್ತಿದ್ದರು. ಇವಳು ಕೂತು ಯೋಚನೆ ಮಾಡಿದಳು, ಅಲ್ಲ, ಮಲಗಿ ಯೋಚನೆ ಮಾಡಿದಳು. ಸಿಗುವುದೇ ಒಂದೊಂದು ಸಾಲಾದರೆ, ಒಂದೊಂದು ಸಾಲೂ ತನ್ನ ಕಾಲ ಮೇಲೆ ತಾನು ನಿಲ್ಲಲಿ. ಯಾವುದರ ಪಕ್ಕ ಯಾವುದನ್ನು ಇಟ್ಟರೂ ಕವಿತೆ ಆಗಲಿ. ಅಲ್ಲಿಂದ ಅವಳ ಪ್ರಯೋಗಗಳು ಶುರುವಾದವು. ಒಂದು ಸಲ ಬರೀ ಪ್ರಶ್ನೆಗಳ ಕವಿತೆ. ಇನ್ನೊಂದು ಸಲ, ಒಂದು ಉಸಿರು ಬಿಡುವಷ್ಟರಲ್ಲಿ ಓದಿ ಮುಗಿಯಬೇಕಾದ ಸಾಲುಗಳು, ಯಾಕೆಂದರೆ ಆ ತಿಂಗಳು ನೋವು ಅಷ್ಟೇ ಬಿಡುವು ಕೊಡುತ್ತಿತ್ತು.

ಒಮ್ಮೆ ಬಿಡಿಬಿಡಿ ಸಾಲುಗಳನ್ನು ಕತ್ತರಿಸಿ, ಒಂದು ಲಕೋಟೆಗೆ ಸುರಿದು, "ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಿ" ಎಂದು ಒಂದು ಪತ್ರಿಕೆಗೆ ಕಳಿಸಿದಳು. ಇದರ ತಲೆಬುಡ ತಿಳಿಯುತ್ತಿಲ್ಲ ಎಂದು ಸಂಪಾದಕರು ವಾಪಸು ಕಳಿಸಿದರು. ಸೊಸೆಗೆ ನಗು ತಡೆಯಲಾಗಲಿಲ್ಲ. "ಸರಿಯಾಗೇ ಹೇಳಿದಾರೆ. ತಲೆನೂ ಇಲ್ಲ, ಬುಡನೂ ಇಲ್ಲ, ಎಲ್ಲಿಂದ ಬೇಕಾದ್ರೂ ಹಿಡ್ಕೋಬಹುದು." ಆ ಸಂಪಾದಕರಿಗೆ ಒಂದೇ ಒಂದು ವಾರ ಸೊಂಟ ಹಿಡಿದಿದ್ದರೆ ಎಲ್ಲವೂ ತಿಳಿಯುತ್ತಿತ್ತು, ಆದರೆ ಯಾರಿಗೂ ಕೇಡು ಬಯಸಬಾರದು.

ಅಂಗಡಿಯಲ್ಲಿ ಅವಳ ಕೆಲಸ ಗುರುತು ಹಾಕುವುದು. ಹಿಂದೆ ಅದನ್ನು ಅತ್ತೆಯೇ ಮಾಡುತ್ತಿದ್ದರು. ಅತ್ತೆಗೆ ಓದುಬರಹ ಬರದು. ಒಬ್ಬರ ಮನೆಗೆ ಸೊನ್ನೆ, ಒಬ್ಬರ ಮನೆಗೆ ಅಡ್ಡಗೀಟು, ಇನ್ನೊಬ್ಬರಿಗೆ ಸೊನ್ನೆಯೊಳಗೆ ಚುಕ್ಕೆ, ಹೀಗೆ ಬೀದಿಬೀದಿಯ ಬಟ್ಟೆಯನ್ನು ಅವರು ತಪ್ಪದೆ ಮುಟ್ಟಿಸಿದ್ದರು. ಸೊಸೆ ಬಂದ ಮೇಲೆ ಚುಕ್ಕೆ ಗೀಟು ಹೋಗಿ ಹೆಸರುಗಳು ಬಂದವು. ಬಿಳಿ ಲಾಡಿಯ ಸುರುಳಿಯಿಂದ ಪಟ್ಟಿ ಕತ್ತರಿಸಿ, ಹೆಸರು ಬರೆದು, ಇಸ್ತ್ರಿಯ ಬಿಸಿ ತಾಕಿಸಿ ಇಂಕು ಕೂರಿಸಿ, ಬಟ್ಟೆಗೆ ಪಿನ್ನು ಹಾಕುವುದು. ಗುರುತಿಲ್ಲದ ಬಟ್ಟೆ ಹೊಸಿಲು ದಾಟಬಾರದು. ತೀರಿಹೋದ ಮಾವನವರು ಮಾಡಿಟ್ಟ ಕಟ್ಟಳೆ ಅದು, ಅತ್ತೆ ಅದನ್ನು ಒಂದು ದಿನವೂ ಮೀರಿದವರಲ್ಲ.

ಗುರುತು ಹಾಕುವ ಕಟ್ಟೆ ಎದೆಮಟ್ಟದ್ದು. ಅದಕ್ಕೆ ಮೊಣಕೈ ಊರಿ, ಭಾರವನ್ನೆಲ್ಲ ಒಳ್ಳೆಯ ಕಾಲಿಗೆ ಬಿಟ್ಟು ನಿಂತರೆ ಸೊಸೆಗೆ ನೋವು ಸ್ವಲ್ಪ ಕಡಿಮೆ. ಹಾಗೆ ನಿಂತು ಅವಳು ಹೆಸರು ಬರೆಯುತ್ತಿದ್ದಳು. ನಾಲ್ಕು ಹೆಸರಿನ ನಡುವೆ ಒಂದು ಸಾಲು ಹೊಳೆದರೆ ಅದನ್ನೂ ಅದೇ ಲಾಡಿಯ ಮೇಲೆ ಬರೆದು, ಕತ್ತರಿಸಿ, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಇಸ್ತ್ರಿ ಮೇಜಿನ ಕಡೆಯಿಂದ ಅತ್ತೆಗೆ ಕಾಣುತ್ತಿದ್ದದ್ದು ಬಗ್ಗಿದ ತಲೆ, ಆಡುವ ಕೈ ಅಷ್ಟೇ. "ಜೀವ ಹೋಗೋ ಹಾಗೆ ನೋವಿದ್ರೂ ಕೆಲಸ ಬಿಡಲ್ಲ ನಮ್ಮ ಹುಡುಗಿ" ಎಂದು ಎದುರು ಮನೆಯವಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಒಳಗೆ ಬಂದು, "ಏನೇ, ಇನ್ನೂ ಮುಗೀಲಿಲ್ವಾ?" ಎಂದು ಗದರುತ್ತಿದ್ದರು. ಎದುರಿಗೆ ಬೈದು ಹಿಂದೆ ಹೊಗಳುವವರು ಅವರು. ಲೋಕದಲ್ಲಿ ಇದನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು.

ಡಬ್ಬಿ ತುಂಬಲು ಮೂರು ವರ್ಷ ಹಿಡಿಯಿತು. ಅದರ ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಒಂದು ನಕಲು ಇಟ್ಟುಕೋ ಎಂದು ಅವನು ಎಷ್ಟೋ ಸಲ ಹೇಳಿದ್ದ. "ನಕಲು ಮಾಡೋ ಹೊತ್ತಲ್ಲಿ ಇನ್ನೊಂದು ಸಾಲು ಬರೀತೀನಿ" ಅನ್ನುವುದು ಅವಳ ಲೆಕ್ಕ. ನೋವಿನ ಕೈಯಿಂದ ಕಸಿದುಕೊಂಡ ಬಿಡುವನ್ನು ನಕಲಿಗೆ ಸುರಿಯಲು ಅವಳಿಗೆ ಮನಸ್ಸಿರಲಿಲ್ಲ.

ಹೀಗಿರುವಾಗ ವಾಚನಾಲಯದ ಮೇಡಂ ಒಂದು ದಿನ ಕೋಟು ಇಸ್ತ್ರಿಗೆ ತಂದರು. ಮೇಜಿನ ಕೆಳಗೆ ಮಲಗಿದ್ದ ಸೊಸೆಯನ್ನು ಕಂಡು ವಿಚಾರಿಸಿದರು, ಹಲಗೆಯ ಕವಿತೆಯ ಸುದ್ದಿ ಕೇಳಿದರು, ಹಿಂದೆಮುಂದೆ ನೋಡದೆ ನೆಲದ ಮೇಲೆ ಮಲಗಿಬಿಟ್ಟರು. ಆಗ ತಾನೇ ಹಿತ್ತಲಿಂದ ಬಂದ ಅತ್ತೆಗೆ ಕಂಡದ್ದು ಮೇಜಿನಡಿಯಿಂದ ಚಾಚಿಕೊಂಡ ಎರಡು ಜೊತೆ ಕಾಲು.

"ಅಯ್ಯೋ, ಮೇಡಂ ಬಿದ್ದುಹೋದ್ರಲ್ಲೋ! ನೀರು ತಾರೋ ಮಗನೇ!"

ಮೇಡಂ ಎದ್ದು ಸೀರೆಯ ಧೂಳು ಕೊಡವಿಕೊಂಡು, ಕಣ್ಣು ಒರೆಸಿಕೊಂಡು, ಇನ್ನೇನಾದರೂ ಬರೆದಿದ್ದೀರಾ ಎಂದು ಕೇಳಿದರು. ಸೊಸೆ ಅತ್ತೆಗೆ ಕಾಣದಂತೆ ಡಬ್ಬಿ ತೋರಿಸಿದಳು. ಮುಂದಿನ ಭಾನುವಾರ ವಾಚನಾಲಯದ ದೊಡ್ಡ ಕೋಣೆಯಲ್ಲಿ, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಒಂದೊಂದೇ ಸಾಲನ್ನು ಕ್ಲಿಪ್ಪು ಹಾಕಿ ನೇತುಹಾಕುವುದು ಎಂದು ತೀರ್ಮಾನವಾಯಿತು. ಅವಳ ಬರಹವನ್ನು ಒಬ್ಬರು ಬೇಕು ಎಂದು ಕೇಳಿದ್ದು ಅದೇ ಮೊದಲು.

ಭಾನುವಾರಕ್ಕೆ ಮುಂಚಿನ ಬುಧವಾರ ಸೊಸೆಗೆ ಬೆನ್ನಿಗೆ ಇಂಜೆಕ್ಷನ್ ಕೊಡಿಸಬೇಕಿತ್ತು, ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಹೊರಡುವ ಮುಂಚೆ ಗಂಡ ಡಬ್ಬಿಯ ಪಟ್ಟಿಗಳಿಗೆಲ್ಲ ಇಸ್ತ್ರಿ ತಾಕಿಸಿ ಇಂಕು ಕೂರಿಸಿದ, ಆರಲಿ ಎಂದು ತಟ್ಟೆಯಲ್ಲಿ ಹರಡಿದ. ಅಷ್ಟರಲ್ಲಿ ಬಾಡಿಗೆ ಕಾರು ಬಂತು. ತಟ್ಟೆ ಪಿನ್ನಿನ ಡಬ್ಬದ ಪಕ್ಕದಲ್ಲೇ ಉಳಿಯಿತು.

ಒಬ್ಬರೇ ಉಳಿದ ಅತ್ತೆ ಆ ದಿನ ಬೆಟ್ಟದಷ್ಟು ಬಟ್ಟೆ ಇಸ್ತ್ರಿ ಮಾಡಿದರು. ಯಾವುದು ಯಾರದ್ದೆಂದು ಗೊತ್ತು, ಆದರೆ ಗುರುತಿನ ಪಟ್ಟಿ ಇಲ್ಲ. ಹೆಸರಿಗೆ ಒಗ್ಗಿಹೋದ ಗಿರಾಕಿಗಳಿಗೆ ಮತ್ತೆ ಚುಕ್ಕೆ ಗೀಟು ಹಾಕಿ ಕೊಟ್ಟರೆ ನಗುತ್ತಾರೆ. ಹೊಸಿಲು ದಾಟಿಸುವುದು ಹೇಗೆ? ಆಗ ತಟ್ಟೆ ಕಣ್ಣಿಗೆ ಬಿತ್ತು, ತುಂಬ ಬರೆದಿಟ್ಟ ಪಟ್ಟಿಗಳು. ಪ್ರತಿ ಬಟ್ಟೆಗೂ ನಮ್ಮ ಅಂಗಡಿಯ ಹೆಸರು ಹಾಕಿ ಕಳಿಸೋಣ, ಮೂಲೆಯ ಮೆಷಿನ್ ಲಾಂಡ್ರಿಯವರು ಹಾಗೇ ಮಾಡ್ತಾರೆ ಎಂದು ಮಗ ಬಹಳ ದಿನದಿಂದ ಹೇಳುತ್ತಿದ್ದ. ಆಸ್ಪತ್ರೆಗೆ ಹೋಗುವ ಅವಸರದಲ್ಲೂ ಸೊಸೆ ಅಂಗಡಿಯ ಹೆಸರು ಬರೆದಿಟ್ಟು ಹೋಗಿದ್ದಾಳೆ! ಒಂದು ಉದ್ದ, ಒಂದು ಗಿಡ್ಡ ಇದ್ದದ್ದು ಅತ್ತೆಗೆ ಕಾಣದೆ ಇರಲಿಲ್ಲ. ನೋವಿನಲ್ಲಿ ಬರೆದದ್ದು, ಏರುಪೇರು ಇದ್ದೇ ಇರುತ್ತದೆ ಅಂದುಕೊಂಡರು. ಒಂದೊಂದನ್ನೂ ಒಂದೊಂದು ಬಟ್ಟೆಗೆ, ಎದ್ದು ಕಾಣುವ ಹಾಗೆ, ಪಿನ್ನು ಹಾಕಿದರು. ಸಂಜೆ ಗಿರಾಕಿಗಳು ಬಂದು ತಮ್ಮತಮ್ಮ ಬಟ್ಟೆ ತೆಗೆದುಕೊಂಡು ಹೋದರು. ಹೀಗೆ ಒಂದು ಇಡೀ ಕವಿತೆ ಊರಿಗೆ ಹಂಚಿಹೋಯಿತು.

ಮಾರನೆಯ ದಿನ ಮಗ ಸೊಸೆಯನ್ನು ಹಿಡಿದುಕೊಂಡು ಒಳಗೆ ಬಂದ. ಅತ್ತೆ ಹೆಮ್ಮೆಯಿಂದ ಖಾಲಿ ತಟ್ಟೆ ತೋರಿಸಿದರು. "ನೀನು ಬರೆದದ್ದು ಒಂದೂ ಉಳೀಲಿಲ್ಲ ನೋಡು, ಎಲ್ಲಾ ಹಾಕಿ ಕಳಿಸ್ದೆ."

ಮಗನ ಮುಖ ಬಿಳಿಚಿಕೊಂಡಿತು. ಸೊಸೆ ಖಾಲಿ ತಟ್ಟೆ ತೆಗೆದು ಪಿನ್ನಿನ ಡಬ್ಬದ ಪಕ್ಕ ಇಟ್ಟಳು. ಆಮೇಲೆ, "ಇರಲಿ ಬಿಡಿ ಅತ್ತೆ. ನಿಮಗೇನು ಗೊತ್ತು" ಅಂದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಗ ಪಿಸುಮಾತಿನಲ್ಲಿ ಅತ್ತೆಗೆ ಎಲ್ಲಾ ವಿವರಿಸಿದ. ಮೂರು ವರ್ಷದ ಸಾಲುಗಳು, ನಕಲು ಬೇರೆ ಇಲ್ಲ, ಭಾನುವಾರಕ್ಕೆ ಇನ್ನು ಎರಡೇ ದಿನ ನಡುವೆ. ಸೊಸೆ ಬಾಯಿಗೆ ಬಂದ ಹಾಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ನಾನು ಹೋಗ್ತೀನಮ್ಮ" ಅಂದ ಮಗ.

"ನಿನಗೆ ಗೊತ್ತೇನೋ ಯಾವ ಬಟ್ಟೆ ಯಾರ ಮನೆಗೆ ಹೋಯ್ತು ಅಂತ? ನೀನು ಅವಳ ಹತ್ರ ಇರು. ಕಳಿಸಿದವಳು ನಾನು, ನಾನೇ ತರ್ತೀನಿ."

ಮೊದಲು ಬಸ್ ಡ್ರೈವರನ ಮನೆ. ಪಟ್ಟಿ ಇನ್ನೂ ಸಮವಸ್ತ್ರದ ಕಾಲರಿನಲ್ಲೇ ಇತ್ತು. ಇದು ಕವಿತೆಯ ಸಾಲೋ ಹಳೆಯ ಹೆಸರಿನ ಪಟ್ಟಿಯೋ ಅತ್ತೆಗೆ ಹೇಗೆ ತಿಳಿಯಬೇಕು? "ಏನು ಬರೆದಿದೆ ಸ್ವಲ್ಪ ಓದಿ ಹೇಳಿ" ಅಂದರು. ಡ್ರೈವರನ ಹೆಂಡತಿ ಓದಿದಳು. "ಇವತ್ತು ನೋವು ನನಗಿಂತ ತಡವಾಗಿ ಎದ್ದಿತು."

"ನಮ್ಮನೆಯವರ ಬಗ್ಗೆನೇ ಬರೆದಿದಾರೆ ಅನ್ಕೊಂಡೆ ಅಮ್ಮ" ಎಂದು ನಕ್ಕಳು. "ಇವರೂ ಏಳೋದು ತಡ."

ಅತ್ತೆ ನಗಲಿಲ್ಲ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬೀದಿಗೆ ಇಳಿದವರು ಆ ಮಾತನ್ನೇ ಬಾಯಲ್ಲಿ ತಿರುವಿಹಾಕಿದರು. ಬೆಳಿಗ್ಗೆ ಕೆಲವು ದಿನ ಸೊಸೆ ಹಾಸಿಗೆಯ ಮೇಲೆ ಸುಮ್ಮನೆ ಕೂತು ಕಿಟಕಿ ನೋಡುತ್ತಿರುತ್ತಾಳೆ. ಸೋಮಾರಿತನ ಎಂದು ತಾವು ಪಾತ್ರೆ ಕುಕ್ಕಿದ್ದುಂಟು. ನೋವು ಏಳುವ ಮೊದಲಿನ ಆ ಸ್ವಲ್ಪ ಹೊತ್ತನ್ನು ಅವಳು ಅನುಭವಿಸುತ್ತಿದ್ದಳೇ?

ಶಾಲೆಯ ಟೀಚರ ಮನೆಯಲ್ಲಿ ಪಟ್ಟಿ ಕಿಟಕಿ ಪರದೆಗೆ ಹಾಗೇ ಇತ್ತು. ಟೀಚರು ತರಗತಿಯಲ್ಲಿ ಓದುವಂತೆ ಸ್ಪಷ್ಟವಾಗಿ ಓದಿದರು. "ಮೆಟ್ಟಿಲು ಹತ್ತುತ್ತಾ ಜಗಳ ಆಡುತ್ತಿದ್ದಾರೆ, ಎಂಥ ಪುಣ್ಯವಂತರು." ಆ ಜಗಳ ಯಾರದೆಂದು ಅತ್ತೆಗೆ ಚೆನ್ನಾಗಿ ಗೊತ್ತು. ತಾವೂ ಮಗನೂ ದಿನಾ ಬುಟ್ಟಿ ಹೊತ್ತು ಮಹಡಿಗೆ ಹೋಗುವಾಗ ಆಡುವುದು ಅದೇ ತಾನೇ.

ಕ್ಷೌರದ ಅಂಗಡಿಯವನು ತನ್ನ ಪಟ್ಟಿಯನ್ನು ಕನ್ನಡಿಗೆ ಅಂಟಿಸಿಕೊಂಡಿದ್ದ, ಕೊಡಲು ಒಪ್ಪಲಿಲ್ಲ. "ಇದು ನನ್ನ ಅಂಗಡಿಗೇ ಬರೆದಿರೋದು, ಕೇಳಿ ಬೇಕಾದ್ರೆ" ಎಂದು ಓದಿದ. "ಒಂದು ಕಡೆ ನೋಯುತ್ತಿದೆ, ಉಳಿದ ನಾನೆಲ್ಲ ಖಾಲಿ ಇದ್ದೇನೆ, ಬನ್ನಿ ಕೂತುಕೊಳ್ಳಿ." ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವರು ಸೋಪಿನ ಸಮೇತ ತಲೆ ಆಡಿಸಿದರು. ಭಾನುವಾರ ವಾಚನಾಲಯಕ್ಕೆ ಬಂದರೆ ಸೊಸೆಯ ಕೈಯಲ್ಲೇ ಇನ್ನೊಂದು ಬರೆಸಿಕೊಡುತ್ತೇನೆ ಎಂದು ಅತ್ತೆ ಮಾತು ಕೊಟ್ಟು ಬಿಡಿಸಿಕೊಂಡರು. ಇನ್ನೊಂದು ಮನೆಯಲ್ಲಿ ಪಟ್ಟಿ ಕಸದ ಬುಟ್ಟಿ ಸೇರಿತ್ತು. ಅತ್ತೆ ತೋಳು ಮಡಿಸಿ ಕಸಕ್ಕೆ ಕೈ ಹಾಕಿ ತೆಗೆದರು. ಒಗೆಯುವ ಕುಲಕ್ಕೆ ಕೊಳೆಯ ಭಯವೇ?

ಶುಕ್ರವಾರ, ಶನಿವಾರ, ಬೀದಿಯಿಂದ ಬೀದಿಗೆ. ಪ್ರತಿ ಬಾಗಿಲಲ್ಲೂ ಓದಿಸಿಕೊಂಡರು. ಮನೆಯೊಳಗೆ ಇಷ್ಟು ವರ್ಷ ಪಕ್ಕದಲ್ಲೇ ಇದ್ದವಳ ಮನಸ್ಸನ್ನು ಪರರ ಬಾಗಿಲಲ್ಲಿ, ಪರರ ದನಿಯಲ್ಲಿ ಕೇಳಿಸಿಕೊಂಡರು. ಅದರಲ್ಲಿ ಗೋಳು ಕಡಿಮೆ, ಕೃತಜ್ಞತೆಯೇ ಹೆಚ್ಚು. ನೆಲ ತಣ್ಣಗಿದ್ದದ್ದಕ್ಕೆ, ಗಂಡ ಸದ್ದಿಲ್ಲದೆ ಬಾಗಿಲು ಹಾಕಿದ್ದಕ್ಕೆ, ಸೀನು ಬಂದರೂ ಬೆನ್ನು ಹಿಡಿಯದೆ ಇದ್ದದ್ದಕ್ಕೆ, ಎಲ್ಲದಕ್ಕೂ ಒಂದೊಂದು ಸಾಲು. ಇಂಥವಳು ನಮ್ಮನೆಗೆ ಬಂದಳಲ್ಲ ಎಂದು ಅತ್ತೆ ಹಿಗ್ಗಿದರು.

ಕೊನೆಯ ಮನೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರದ್ದು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಪಟ್ಟಿ ಅವರ ಕನ್ನಡಕದ ಪೆಟ್ಟಿಗೆಯಲ್ಲಿತ್ತು. ತೆಗೆದು, ನೋಡದೆಯೇ ಹೇಳಿದರು. "ಯಾರೋ ಬಿಸಿ ಟವೆಲು ಮಡಿಸಿ ಸೊಂಟಕ್ಕೆ ಒತ್ತಿಟ್ಟು ಹೋದರು, ಹೆಸರು ಹೇಳಲಿಲ್ಲ."

ಆ 'ಯಾರೋ' ಯಾರೆಂದು ಅತ್ತೆಗೆ ಗೊತ್ತು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ, ಸೊಸೆ ಮೇಜಿನ ಕೆಳಗೆ ಕಣ್ಣು ಮುಚ್ಚಿದ ಮೇಲೆ, ಒಂದು ಟವೆಲಿಗೆ ಇಸ್ತ್ರಿ ಒತ್ತಿ, ಬಿಸಿ ಆರುವ ಮೊದಲೇ ಅವಳ ಸೊಂಟದ ಹತ್ತಿರ ಇಟ್ಟು, ಕಾಲ್ಬೆರಳಿನ ಮೇಲೆ ನಡೆದು ಬರುತ್ತಿದ್ದದ್ದು ತಾವೇ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಾಳೆಯಿಂದ ಗದರುವ ಮುಖ ಎಲ್ಲಿಂದ ತರುವುದು?

"ಅಮ್ಮ, ಇದೊಂದು ನನ್ನ ಹತ್ರ ಇರ್ಲಿ" ಅಂದರು ಮುದುಕರು. "ನಮ್ಮವಳು ನನಗೆ ಹೀಗೇ ಮಾಡ್ತಿದ್ಲು. ನಾನು ಒಂದು ದಿನಾನೂ ಅವಳಿಗೆ ಹೇಳ್ಲಿಲ್ಲ, ನೀನು ಮಾಡೋದು ಗೊತ್ತು ಅಂತ."

ಅತ್ತೆ ಚೀಲದ ಬಾಯಿ ಕಟ್ಟಿದರು. "ಇಟ್ಕೊಳ್ಳಿ. ಇನ್ನೊಂದು ಸಲ ಹೇಳಿ ಅಷ್ಟೇ, ಬಾಯಿಪಾಠ ಮಾಡ್ಕೋತೀನಿ."

ಮನೆಗೆ ಬಂದು ಚೀಲವನ್ನು ಸೊಸೆಯ ಮುಂದೆ ಇಟ್ಟರು. ಸೊಸೆ ಒಂದೊಂದೇ ಪಟ್ಟಿ ತೆಗೆದು ಕೈಯಲ್ಲಿ ನೀವಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅತ್ತೆ, ಎರಡು ದಿನ ಇಷ್ಟು ನಡೆದ್ರಾ?" ಅಂದಳು. "ನಡೆದ್ರೆ ಏನಾಯ್ತು, ನನ್ನ ಕಾಲು ಗಟ್ಟಿ ಇದೆ" ಎಂದು ಅತ್ತೆ ಗದರಿದರು. ಒಂದು ಕಡಿಮೆ ಇದೆ ಎಂದು ಮಾತ್ರ ಹೇಳಿದರು. ಯಾವುದು ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಎಂದುಕೊಂಡರು.

ಭಾನುವಾರ ಯಾವ ಕ್ರಮದಲ್ಲಿ ಕಟ್ಟೋಣ ಎಂದು ಮೇಡಂ ಕೇಳಿದಾಗ ಸೊಸೆ, "ಅತ್ತೆ ಮನೆಮನೆಗೆ ಹೋದ ಕ್ರಮದಲ್ಲಿ" ಅಂದಳು. ಡ್ರೈವರನ ಮನೆಯಿಂದ ಶುರುವಾದ ಕವಿತೆ ಕಿಟಕಿಯಿಂದ ಕಿಟಕಿಗೆ, ಬೀದಿಯಿಂದ ಬೀದಿಗೆ ಸಾಗಿತು. ಕೊನೆಯ ಕ್ಲಿಪ್ಪು ಖಾಲಿ. ಪಟ್ಟಿ ಕೊಟ್ಟವರೆಲ್ಲ ಬಂದಿದ್ದರು, ತಮ್ಮತಮ್ಮ ಸಾಲಿನ ಕೆಳಗೆ ನಿಂತು ಮಿಕ್ಕವರಿಗೆ ಓದಿ ಹೇಳುತ್ತಿದ್ದರು. ಗಡಿಯಾರದ ಮುದುಕರು ಬಾಗಿಲ ಬಳಿಯ ಬೆಂಚಿನಲ್ಲಿದ್ದರು. ಸೊಸೆ ಒರಗುಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ನೋವಿತ್ತು, ಎಲ್ಲಿ ಹೋಗುತ್ತದೆ. ಆದರೆ ಅತ್ತೆ ಆ ಮುಖವನ್ನು ಮದುವೆಯ ದಿನದ ನಂತರ ಅಷ್ಟು ತಿಳಿಯಾಗಿ ಕಂಡಿರಲಿಲ್ಲ.

"ಇಲ್ಲಿ ಒಂದು ಬಿದ್ದುಹೋಗಿದೆ ಅನ್ಸುತ್ತೆ" ಎಂದರು ಮೇಡಂ, ಖಾಲಿ ಕ್ಲಿಪ್ಪು ಹಿಡಿದು.

"ಬಿದ್ದಿಲ್ಲ" ಅಂದರು ಅತ್ತೆ. ಅವರ ದನಿ ಅವರಿಗೇ ಜೋರಾಗಿ ಕೇಳಿಸಿತು. "ಬೇಕು ಅಂದವರಿಗೆ ನಾನೇ ಕೊಟ್ಟೆ. ಸಾಲು ನನ್ನ ಹತ್ರ ಇದೆ."

ಅಕ್ಷರ ಬಾರದ ಅತ್ತೆ ಖಾಲಿ ಕ್ಲಿಪ್ಪಿನ ಕೆಳಗೆ ನಿಂತು, ಎರಡೂ ಕೈ ಜೋತುಬಿಟ್ಟು, ಒಂದಕ್ಷರ ತಪ್ಪದೆ ಹೇಳಿದರು. "ಯಾರೋ ಬಿಸಿ ಟವೆಲು ಮಡಿಸಿ ಸೊಂಟಕ್ಕೆ ಒತ್ತಿಟ್ಟು ಹೋದರು, ಹೆಸರು ಹೇಳಲಿಲ್ಲ."

"ಯಾರಂತೆ ಅದು?" ಎಂದಳು ಡ್ರೈವರನ ಹೆಂಡತಿ.

ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳತೊಡಗಿದರು. ಒರಗುಕುರ್ಚಿಯಿಂದ ಸೊಸೆ ಕೈ ಚಾಚಿ ಅವರ ಕೈ ಹಿಡಿದುಕೊಂಡಳು.

"ಒಂದು ದಿನಾನೂ ನಂಗೆ ನಿದ್ದೆ ಬಂದಿರಲಿಲ್ಲ ಅತ್ತೆ. ಕಣ್ಣು ಬಿಟ್ರೆ ನೀವು ನಾಚಿಕೊಂಡು ನಿಲ್ಲಿಸಿಬಿಡ್ತೀರ ಅಂತ ಹಾಗೇ ಮಲಗಿರ್ತಿದ್ದೆ."

ಅತ್ತೆ ಮೂಗು ಒರೆಸಿಕೊಂಡರು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. "ಹಾಗಾದ್ರೆ ನಾಳೆಯಿಂದ ಕಣ್ಣು ಬಿಟ್ಕೊಂಡೇ ಮಲಗು. ಕಳ್ಳರ ಹಾಗೆ ಹೆಜ್ಜೆ ಇಟ್ಟು ಇಟ್ಟು ನನ್ನ ಮಂಡಿ ಹಿಡಿದುಹೋಗಿದೆ."